ಚೀಟಿಯ ಇನ್ನರ್ಧ

ಹಿರಿಯರಿಗೆ, ಅಕ್ಕಂದಿರಿಗೆ, ತಮ್ಮಂದಿರಿಗೆ ನಮಸ್ಕಾರ. ಅಯ್ಯನವರು ನನಗೆ ಕೊಟ್ಟ ವಿಷಯ ‘ಉತ್ತರ ಸಿಗದ ಪ್ರಾರ್ಥನೆ’. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ವಿಷಯಕ್ಕೆ ಅದು ಕಮ್ಮಿ, ಊಟದ ಹೊತ್ತು ನೋಡಿದರೆ ಜಾಸ್ತಿ.

ನಾನು ಪ್ರಸಂಗಿ ಅಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವನು. ಆದರೆ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ, ಜನ ತಮ್ಮ ಬೇಡಿಕೆ ಬರೆದು ಹಾಕುವ ಚೀಟಿ ಓದುವ ಕೆಲಸ ಆರು ವರ್ಷ ನನ್ನದಾಗಿತ್ತು. ಬಾಗಿಲ ಪಕ್ಕ ಒಂದು ಹಳೇ ಬಿಸ್ಕತ್ ಡಬ್ಬಿ ಇಟ್ಟಿದ್ದೆವು. ಮುಚ್ಚಳದಲ್ಲಿ ಚಾಕುವಿನಿಂದ ಸೀಳಿದ ಒಂದು ತೂತು. ಮಗಳ ಮದುವೆ, ಸೈಟಿನ ಕೇಸು, ವೀಸಾ, ಶುಗರ್, ಹತ್ತನೇ ಕ್ಲಾಸಿನ ಗಣಿತ, ಎಲ್ಲಾ ಆ ತೂತಿನಲ್ಲೇ ಇಳಿಯುತ್ತಿದ್ದವು. ಒಂದು ವಾರ ಸಿಕ್ಕಿದ ಚೀಟಿ ಹೀಗಿತ್ತು: “ಅತ್ತೆ ಬೇಗ ಹುಷಾರಾಗಲಿ. ಇನ್ನು ನನ್ನ ಕೈಲಿ ಆಗಲ್ಲ.” ಪೆನ್ಸಿಲ್ಲಿನಲ್ಲಿ ಬರೆದದ್ದು. ಎರಡನೇ ಸಾಲನ್ನು ಒಮ್ಮೆ ಹೊಡೆದುಹಾಕಿ, ಕೆಳಗೆ ಮತ್ತೆ ಬರೆದಿದ್ದರು. ಹೆಸರಿರಲಿಲ್ಲ.

ನಾನು ಮೊದಲ ಸಾಲು ಮಾತ್ರ ಓದಿದೆ. ಎರಡನೆಯದು ಪ್ರಾರ್ಥನೆ ಅಂತ ನನಗೆ ಅನ್ನಿಸಲಿಲ್ಲ. ಅದು ಗೊಣಗಾಟ ಅನ್ನಿಸಿತು.

ಇಂಥ ಹೊತ್ತಿನಲ್ಲಿ ನಮಗೆ ಥಟ್ಟನೆ ನೆನಪಾಗುವ ವಚನ ಬೈಬಲಿನ ಯಾಕೋಬನ ಪತ್ರದ 4ನೇ ಅಧ್ಯಾಯದ 3ನೇದು. ಬೇಡಿದರೂ ನಿಮಗೆ ಸಿಗುವುದಿಲ್ಲ, ಯಾಕಂದರೆ ನಿಮ್ಮ ಭೋಗಕ್ಕೆ ಖರ್ಚು ಮಾಡಬೇಕೆಂಬ ಕೆಟ್ಟ ಉದ್ದೇಶದಿಂದ ಬೇಡುತ್ತೀರಿ ಅನ್ನುತ್ತಾನೆ. ಸತ್ಯವಾದ ಮಾತು. ಆದರೆ ನಾವು ಅದನ್ನು ಬಳಸುವ ರೀತಿ ಇದೆಯಲ್ಲ, ಅದು ಬೇರೆ. ಯಾರದೋ ಮಗು ತೀರಿಕೊಂಡಿದೆ. ಮಣ್ಣು ಮಾಡಿ ಮೂರು ದಿನ ಆಗಿಲ್ಲ, ಯಾರೋ ಒಬ್ಬರು ಬಂದು ಕುರ್ಚಿ ಎಳೆದುಕೊಂಡು, “ಎಲ್ಲೋ ಮನಸ್ಸಿನಲ್ಲಿ ಅಡ್ಡಿ ಇತ್ತೇನೋ, ಪರೀಕ್ಷೆ ಮಾಡಿಕೊಳ್ಳಿ” ಅನ್ನುತ್ತಾರೆ. ಹಾಗೆ ಅಂದವರನ್ನು ನೀವೂ ನೋಡಿದ್ದೀರಿ.

ಯಾಕೋಬ ಈ ಮಾತು ಯಾರಿಗೆ ಹೇಳಿದ? ಆ ಅಧ್ಯಾಯದ ಮೊದಲ ವಚನ ಓದಿ. ನಿಮ್ಮೊಳಗೆ ಜಗಳ ಯಾವುದರಿಂದ ಹುಟ್ಟುತ್ತೆ ಅಂತ ಶುರು ಮಾಡುತ್ತಾನೆ. ಕಿತ್ತಾಡುವ ಸಭೆಗೆ ಬೈದದ್ದು ಅದು. ಕಾಯಿಲೆ ಬಿದ್ದವನ ವಿಷಯ ಬಂದಾಗ, ಮುಂದಿನ ಅಧ್ಯಾಯದಲ್ಲಿ, ಅದೇ ಯಾಕೋಬ ಏನು ಹೇಳುತ್ತಾನೆ? ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಪಾಪ ಮಾಡಿದ್ದರೆ ಅದಕ್ಕೂ ಕ್ಷಮೆ ಸಿಗುತ್ತೆ. ಮೊದಲು ವಿಚಾರಣೆ ಮಾಡಿ, ಆಮೇಲೆ ಎಣ್ಣೆ ತನ್ನಿ ಅಂತ ಅಲ್ಲ.

ಉದ್ದೇಶ ಕೆಟ್ಟಿದ್ದರೆ ಉತ್ತರ ಇಲ್ಲ, ಉತ್ತರ ಇಲ್ಲದಿದ್ದರೆ ಉದ್ದೇಶ ಕೆಟ್ಟಿದೆ. ಎರಡೂ ಒಂದೇ ಅಂತ ನಾವು ಅಂದುಕೊಳ್ಳುತ್ತೇವೆ. ಮಳೆ ಬಂದರೆ ಅಂಗಳ ಒದ್ದೆ, ನಿಜ. ಅಂಗಳ ಒದ್ದೆಯಾದಾಗೆಲ್ಲ ಮಳೆ ಬಂದಿತ್ತಾ? ಗೆತ್ಸೇಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಮುಂದಿದ್ದ ಶಿಲುಬೆಯ ನೋವು, ತೊಲಗಲಿ ಅಂತ ಮೂರು ಸಲ ಬೇಡಿಕೊಂಡ. ತೊಲಗಲಿಲ್ಲ. ಆತನ ಉದ್ದೇಶದಲ್ಲಿ ಏನು ಕೊಳಕಿತ್ತು, ಹೇಳಿ? ಅಪೊಸ್ತಲ ಪೌಲನೂ ತನ್ನನ್ನು ಕಾಡುತ್ತಿದ್ದ ‘ಶರೀರದ ಶೂಲ’ ಹೋಗಲಿ ಅಂತ ಮೂರು ಸಲವೇ ಕೇಳಿದ. ಸಿಕ್ಕಿದ್ದು “ನನ್ನ ಕೃಪೆಯೇ ನಿನಗೆ ಸಾಕು” ಅನ್ನುವ ಮಾತು.

ಇನ್ನೊಂದು ಕಡೆಯಿಂದಲೂ ನೋಡಿ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ. ಯೇಸುವಿನ ಶಿಷ್ಯ ಪೇತ್ರ ಜೈಲಿನಲ್ಲಿದ್ದಾನೆ, ಸಭೆ ಒಂದು ಮನೆಯಲ್ಲಿ ಸೇರಿ ಪ್ರಾರ್ಥಿಸುತ್ತಿದೆ. ಪೇತ್ರ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಅನ್ನುವ ಹುಡುಗಿ ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಪ್ರಾರ್ಥನೆ ಮಾಡುತ್ತಿದ್ದವರೇ ಅವಳಿಗೆ ಹುಚ್ಚು ಹಿಡಿದಿದೆ ಅನ್ನುತ್ತಾರೆ! ನಂಬಿಕೆ ಅಷ್ಟಕ್ಕಷ್ಟೇ. ಉತ್ತರ ಮಾತ್ರ ಬಾಗಿಲಲ್ಲೇ ನಿಂತಿದೆ. ಅದೇ ಅಧ್ಯಾಯದ ಶುರುವಿನಲ್ಲಿ ಇನ್ನೊಬ್ಬ ಶಿಷ್ಯ, ಯೋಹಾನನ ಅಣ್ಣ ಯಾಕೋಬನನ್ನು ರಾಜ ಹೆರೋದ ಕತ್ತಿಯಿಂದ ಕೊಲ್ಲಿಸಿದ್ದಾನೆ. ಒಬ್ಬ ಉಳಿದ, ಒಬ್ಬ ಹೋದ. ಯಾಕೆ ಅಂತ ಆ ಪುಸ್ತಕ ಬರೆದ ಲೂಕ ಒಂದು ಸಾಲೂ ಬರೆಯುವುದಿಲ್ಲ.

ಈ ಯಾಕೋಬ ಪತ್ರ ಬರೆದವನಲ್ಲ, ಜೆಬೆದಾಯನ ಮಗ. ಇವನೂ ತಮ್ಮ ಯೋಹಾನನೂ ಹಿಂದೊಮ್ಮೆ ಯೇಸುವಿನ ಹತ್ತಿರ ಬಂದು, ನಿನ್ನ ಮಹಿಮೆಯಲ್ಲಿ ನಿನ್ನ ಬಲಗಡೆ ಒಬ್ಬ, ಎಡಗಡೆ ಒಬ್ಬ ಕೂರಬೇಕು ಅಂತ ಕೇಳಿದ್ದರು. ಮತ್ತಾಯ ಬರೆಯುವಾಗ ತಾಯಿಯೇ ಬಂದು ಕೇಳಿದಳು ಅನ್ನುತ್ತಾನೆ. ಅದನ್ನು ಕೇಳಿ ಉಳಿದ ಹತ್ತು ಜನ ಶಿಷ್ಯರಿಗೆ ಸಿಟ್ಟು ಬಂತು. ಅವರ ಸಿಟ್ಟು ಯಾಕೆ ಅಂತ ನಮಗೆ ಗೊತ್ತಿಲ್ಲವಾ? ತಾವು ಕೇಳಬೇಕಾದದ್ದನ್ನು ಇವರು ಮೊದಲೇ ಕೇಳಿಬಿಟ್ಟರಲ್ಲ! ಯೇಸು ಇಬ್ಬರನ್ನೂ ಹೊರಗೆ ಕಳಿಸಲಿಲ್ಲ. ನೀವು ಏನು ಕೇಳುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ ಅಂದ. ಶಿಲುಬೆಯ ದಿನ ಆತನ ಬಲಗಡೆ ಒಬ್ಬ, ಎಡಗಡೆ ಒಬ್ಬ ಇದ್ದರು. ಇಬ್ಬರೂ ಕಳ್ಳರು.

ನನ್ನದೇ ಒಂದು ಹೇಳಿಬಿಡುತ್ತೇನೆ. ಎರಡು ವರ್ಷ ನಾನು ಟ್ರಾನ್ಸ್‌ಫರ್‌ಗೆ ಪ್ರಾರ್ಥನೆ ಮಾಡಿದ್ದೆ. ಅಮ್ಮನಿಗೆ ವಯಸ್ಸಾಯಿತು, ಊರಿನ ಹತ್ತಿರ ಸ್ಕೂಲು ಸಿಗಲಿ ಅಂತ. ಕೂಟದಲ್ಲೂ ಹೇಳಿಕೊಂಡೆ. ನಿಜ ಏನೆಂದರೆ, ನನಗಿಂತ ಎಂಟು ವರ್ಷ ಚಿಕ್ಕವನೊಬ್ಬ ನಮ್ಮಲ್ಲಿ ಹೆಡ್‌ಮಾಸ್ಟರ್ ಆಗಿ ಬಂದಿದ್ದ. ಅವನನ್ನು ‘ಸರ್’ ಅನ್ನುವುದಕ್ಕೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಅಮ್ಮನಿಗೆ ಇದು ಹೇಗೆ ತಿಳಿಯಿತೋ. ಒಂದು ದಿನ ಅವರೆಕಾಳು ಹಿಸುಕುತ್ತಾ ಕೂತವರು, “ನಾನು ಚೆನ್ನಾಗೇ ಇದ್ದೀನಲ್ಲಪ್ಪ, ನಿನ್ನ ಜಗಳಕ್ಕೆ ನನ್ನ ಮಂಡಿ ನೋವು ಯಾಕೆ ಎಳೀತೀಯ?” ಅಂದರು. ಟ್ರಾನ್ಸ್‌ಫರ್ ಬರಲಿಲ್ಲ. ಉದ್ದೇಶ ಕೆಟ್ಟಿತ್ತು ಅಂತಲೋ, ಸೀನಿಯಾರಿಟಿ ಸಾಲಲಿಲ್ಲ ಅಂತಲೋ, ನಾನು ಹೇಳಲಾರೆ. ಒಂದು ದಿನವೂ ಪ್ರಾರ್ಥನೆ ಮಾಡದ ಸೈನ್ಸ್ ಮೇಷ್ಟ್ರಿಗೆ ಅದೇ ವರ್ಷ ಬಂತು.

ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗುವವಳು ಮೋನಿಕಾ, ಸಂತ ಅಗಸ್ಟೀನನ ತಾಯಿ. ಉತ್ತರ ಆಫ್ರಿಕಾದ ತಗಾಸ್ಟೆ ಅನ್ನುವ ಸಣ್ಣ ಊರಿನವಳು, ಈಗ ಅದು ಅಲ್ಜೀರಿಯಾದಲ್ಲಿದೆ. ಮಗ ಹುಟ್ಟಿದ್ದು ಕ್ರಿ.ಶ. 354ರಲ್ಲಿ. ಜಾಣ, ಮಾತುಗಾರ, ಆದರೆ ತಾಯಿಯ ನಂಬಿಕೆಯಿಂದ ದೂರ. ಆಕೆ ಮಗನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದವಳು. ಹಾಗಂತ ಆಕೆಯ ಮನಸ್ಸೂ ಒಂದೇ ಬಣ್ಣದ್ದಲ್ಲ. ವಯಸ್ಸಿಗೆ ಬಂದ ಮಗ ದಾರಿ ತಪ್ಪುವುದು ಕಂಡರೂ ಮದುವೆ ಮಾಡಲಿಲ್ಲ, ಓದಿಗೆ ಅಡ್ಡಿಯಾದೀತು ಅಂತ. ಇದನ್ನು ಬರೆದವನು ಮಗನೇ. ನಮ್ಮ ಮನೆಗಳಲ್ಲೂ ಇರುವ ತಾಯಿಯೇ, ಅಲ್ವಾ?

383ರಲ್ಲಿ ಅಗಸ್ಟೀನ ಕಾರ್ಥೇಜ್‌ನಿಂದ ರೋಮ್‌ಗೆ ಹೊರಟ. ಅವನೂ ಮೇಷ್ಟ್ರು. ಕಾರ್ಥೇಜ್‌ನ ಹುಡುಗರ ಗಲಾಟೆ ತಡೆಯಲಾರದೆ, ರೋಮ್‌ನಲ್ಲಿ ಹುಡುಗರು ಸುಮ್ನೆ ಕೂತು ಪಾಠ ಕೇಳುತ್ತಾರಂತೆ ಅಂತ ಹೊರಟವನು. ಹೋದಮೇಲೆ ಗೊತ್ತಾಯಿತು, ಅಲ್ಲಿನ ಹುಡುಗರು ಫೀಸು ಕೊಡುವ ಹೊತ್ತಿಗೆ ಬೇರೆ ಮೇಷ್ಟ್ರ ಹತ್ತಿರ ಹಾರುತ್ತಿದ್ದರು. ಅದಿರಲಿ. ತಾಯಿ ಸಮುದ್ರದ ದಡದವರೆಗೂ ಬಂದು ಗಟ್ಟಿಯಾಗಿ ಹಿಡಿದುಕೊಂಡಳು. ಒಂದೋ ನೀನು ಉಳಿ, ಇಲ್ಲ ನನ್ನನ್ನೂ ಕರಕೊಂಡು ಹೋಗು. ಸ್ನೇಹಿತನನ್ನು ಕಳಿಸಿಕೊಡಲು ಬಂದಿದ್ದೇನೆ, ಗಾಳಿ ಬೀಸುವವರೆಗೆ ಅವನ ಜೊತೆ ಇರುತ್ತೇನೆ ಅಂತ ಮಗ ಸುಳ್ಳು ಹೇಳಿದ. ಹಡಗಿನ ಹತ್ತಿರವೇ ಇದ್ದ ಸಂತ ಸಿಪ್ರಿಯಾನನ ಗುಡಿಯಲ್ಲಿ ರಾತ್ರಿ ಕಳೆಯುವಂತೆ ಆಕೆಯನ್ನು ಒಪ್ಪಿಸಿದ. ಆಕೆ ಒಳಗೆ ಅಳುತ್ತಾ ಒಂದೇ ಬೇಡಿಕೊಂಡಳು: ಇವನು ಹೋಗದಿರಲಿ. ಅದೇ ರಾತ್ರಿ ಗಾಳಿ ಬೀಸಿತು. ಬೆಳಗಾದಾಗ ದಡದಲ್ಲಿ ಹಡಗಿಲ್ಲ.

ವರ್ಷಗಳ ನಂತರ ತನ್ನ ಕಥೆ ತಾನೇ ಬರೆದ ‘ತಪ್ಪೊಪ್ಪಿಗೆ’ ಅನ್ನುವ ಪುಸ್ತಕದಲ್ಲಿ ಅಗಸ್ಟೀನ ದೇವರಿಗೇ ಹೇಳುತ್ತಾನೆ: ಆಕೆ ಯಾವಾಗಲೂ ಬೇಡುತ್ತಿದ್ದದ್ದನ್ನು ಕೊಡುವುದಕ್ಕಾಗಿ, ಆ ರಾತ್ರಿ ಬೇಡಿದ್ದನ್ನು ನೀನು ಕೊಡಲಿಲ್ಲ. ಆಕೆಯ ಅಳುವಿನಲ್ಲಿ ಮಗ ಕಣ್ಣೆದುರೇ ಇರಬೇಕು ಅನ್ನುವ ತಾಯಿಯ ಆಸೆಯೂ ಇತ್ತು, ಎಷ್ಟೋ ತಾಯಂದಿರಿಗಿಂತ ತುಂಬಾ ಜಾಸ್ತಿಯೇ ಇತ್ತು ಅಂತಲೂ ಅವನು ಗುರುತಿಸುತ್ತಾನೆ. ಹೀಗೆ ಹೇಳುವಾಗ ತನ್ನ ಸುಳ್ಳನ್ನು ಮುಚ್ಚಿಡುವುದಿಲ್ಲ. ಅಂಥ ತಾಯಿಗೆ ಸುಳ್ಳು ಹೇಳಿ ತಪ್ಪಿಸಿಕೊಂಡೆ ಅಂತ ಒಪ್ಪಿಕೊಳ್ಳುತ್ತಾನೆ. ರೋಮ್‌ನಿಂದ ಮಿಲಾನ್‌ಗೆ ಹೋದ, ಅಲ್ಲಿ ಬಿಷಪ್ ಆಂಬ್ರೋಸನ ಪ್ರಸಂಗ ಕೇಳಿದ, 387ರ ಈಸ್ಟರ್‌ನಲ್ಲಿ ದೀಕ್ಷಾಸ್ನಾನ ಪಡೆದ. ಹಿಂದೆಯೇ ಸಮುದ್ರ ದಾಟಿ ಬಂದಿದ್ದ ಮೋನಿಕಾ ಅದನ್ನು ನೋಡಿದಳು. ಊರಿಗೆ ಹಿಂದಿರುಗುವ ದಾರಿಯಲ್ಲಿ, ಅದೇ ವರ್ಷ, ಓಸ್ಟಿಯಾ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡಳು. ಊರಿನಲ್ಲಿ ಗಂಡನ ಪಕ್ಕ ತನಗೊಂದು ಜಾಗ ಮೊದಲೇ ಸಿದ್ಧ ಮಾಡಿಸಿಟ್ಟಿದ್ದಳು. ಕೊನೆಗೆ ಅದೂ ಬೇಡ, ಈ ದೇಹವನ್ನು ಎಲ್ಲಾದರೂ ಇಡಿ ಅಂದಳು.

ಇಲ್ಲಿ ಒಂದು ಎಚ್ಚರ ಬೇಕು. ಈ ಕಥೆ ಚೆನ್ನಾಗಿ ಮುಗಿದದ್ದಕ್ಕೆ ನಾವು ಹೇಳುತ್ತೇವೆ. ಹಡಗು ಮುಳುಗಿದ್ದರೆ? ಎಲ್ಲಾ ನಿರಾಕರಣೆಯ ಹಿಂದೆಯೂ ದೊಡ್ಡದೊಂದು ಕೊಡುಗೆ ಕಾದಿದೆ ಅಂತ ನಾನು ಮಗುವನ್ನು ಕಳಕೊಂಡವರಿಗೆ ಹೇಳಲಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಆ ರಾತ್ರಿ ಮೋನಿಕಾ ತನ್ನ ಉದ್ದೇಶ ತೊಳೆದುಕೊಂಡು ಆಮೇಲೆ ಬಂದು ಬೇಡಲಿಲ್ಲ. ಇದ್ದ ಹಾಗೇ ಬೇಡಿದಳು. ಭಕ್ತಿಯೂ ಇತ್ತು, ಹಟವೂ ಇತ್ತು, ಒಂಟಿಯಾಗುವ ಭಯವೂ ಇತ್ತು. ಆಕೆಯ ಮನಸ್ಸು ಮಾಗಿದ್ದು ಪ್ರಾರ್ಥಿಸುತ್ತಲೇ.

ಅಗಸ್ಟೀನ ಮುಂದೆ ಬಿಷಪ್ ಆದಮೇಲೆ, ಸುಮಾರು 412ರಲ್ಲಿ, ಪ್ರೋಬಾ ಅನ್ನುವ ಶ್ರೀಮಂತ ವಿಧವೆಗೆ ಒಂದು ಉದ್ದ ಪತ್ರ ಬರೆದ. 410ರಲ್ಲಿ ಗಾಥರು ರೋಮ್ ಲೂಟಿ ಮಾಡಿದ ಮೇಲೆ ಆಫ್ರಿಕಾಕ್ಕೆ ಓಡಿ ಬಂದವಳು ಆಕೆ. ಹೇಗೆ ಪ್ರಾರ್ಥಿಸಲಿ ಅಂತ ಕೇಳಿದ್ದಳು. ನಮಗೆ ಏನು ಬೇಕು ಅಂತ ದೇವರಿಗೆ ಮೊದಲೇ ಗೊತ್ತು, ಪ್ರಾರ್ಥನೆ ಮಾಡುವುದು ನಮ್ಮ ಆಸೆಗೆ ಕಸರತ್ತು ಆಗಲಿ ಅಂತ, ಆತ ಕೊಡುವುದನ್ನು ಹಿಡಿಯುವಷ್ಟು ಅದು ಹಿಗ್ಗಲಿ ಅಂತ ಬರೆದ. ಸಣ್ಣ ಚೀಲ ತಗೊಂಡು ಸಂತೆಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತೆ.

ಮತ್ತೆ ಆ ಚೀಟಿಗೆ ಬರುತ್ತೇನೆ. ಅತ್ತೆಯ ಮಲಮೂತ್ರ ಬಾಚಿ, ರಾತ್ರಿ ಮೂರು ಸಲ ಎದ್ದು, ಬೆಳಗ್ಗೆ ಡಬ್ಬಿ ಕಟ್ಟಿ ಬಂದ ಯಾರೋ ಒಬ್ಬ ಸೊಸೆ ಅದನ್ನು ಬರೆದಿರಬೇಕು. ಹುಷಾರಾಗಲಿ ಅನ್ನುವುದು ಅತ್ತೆಗಾಗಿಯೋ, ತನಗಾಗಿಯೋ? ಎರಡೂ. ಎರಡನೇ ಸಾಲನ್ನು ಆಕೆ ಹೊಡೆದುಹಾಕಿ, ಮತ್ತೆ ಬರೆಯುವ ಧೈರ್ಯ ಮಾಡಿದ್ದಳು. ನಾನು ಮೈಕಿನ ಮುಂದೆ ಅದನ್ನು ಮತ್ತೆ ಹೊಡೆದುಹಾಕಿದೆ. ಪೂರ್ತಿ ಓದಿದ್ದರೆ ಆ ವಾರ ಯಾರಾದರೂ ಅವರ ಮನೆಗೆ ಒಂದು ರಾತ್ರಿ ಕಾವಲಿಗೆ ಹೋಗುತ್ತಿದ್ದರೇನೋ.

ಈಗ ಚೀಟಿ ಹಂಚುತ್ತಾರೆ. ಪೆನ್ಸಿಲ್ ಸಾಲದಿದ್ದರೆ ಪಕ್ಕದವರ ಹತ್ತಿರ ಇಸಕೊಳ್ಳಿ. ಹೆಸರು ಬರೆಯುವುದು ಬೇಡ. ಎರಡು ಸಾಲಿದ್ದರೆ ಎರಡೂ ಓದುತ್ತೇನೆ.