ಪತ್ರಾಗಾರದ ವಾರ್ಷಿಕ ಆಯವ್ಯಯ: ಕಡತ, ಕಪಾಟು ಮತ್ತು ಮಳೆಗಾಲ

ಮಾನ್ಯ ಸಭಿಕರೆ,

ಹಳೆಯ ಸರ್ಕಾರಿ ದಾಖಲೆಗಳನ್ನು ಕಾಪಾಡುವ ಭಾರತದ ರಾಷ್ಟ್ರೀಯ ಪತ್ರಾಗಾರ 1891ರ ಮಾರ್ಚ್‌ನಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಹೆಸರಿನಿಂದ ಆರಂಭವಾಯಿತು. ರಾಜಧಾನಿ ದೆಹಲಿಗೆ ಬಂದ ಮೇಲೆ, ವಾಸ್ತುಶಿಲ್ಪಿ ಲುಟ್ಯೆನ್ಸ್ ವಿನ್ಯಾಸದಂತೆ 1926ರಲ್ಲಿ ಮುಗಿದ ಕಟ್ಟಡ ಅದರ ನೆಲೆಯಾಯಿತು. ಸಂಸ್ಕೃತಿ ಸಚಿವಾಲಯದ ಅನುದಾನದ ಬೇಡಿಕೆಯೊಳಗೇ ಇದರ ವೆಚ್ಚವೂ ಸೇರಿ ಸಂಸತ್ತಿನ ಮುಂದೆ ಬರುತ್ತದೆ. ಶತಮಾನಗಳ ಕಾಲ ಉಳಿಯಬೇಕಾದ ಕಾಗದಕ್ಕೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದಲ್ಲಿ ಹಣ ಹೊಂದಿಸುವ ಕಷ್ಟವೇ ಇಂದಿನ ವಿಷಯ.

ಈ ಸಂಸ್ಥೆಗೆ ಒಂದು ಅನುಕೂಲವಿದೆ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದ ಪ್ರಕಾರ, ಪ್ರತಿ ಕೇಂದ್ರ ಸರ್ಕಾರಿ ಕಚೇರಿಯ ದಾಖಲೆ ಅಧಿಕಾರಿ 25 ವರ್ಷ ದಾಟಿದ ಕಡತಗಳನ್ನು ಪತ್ರಾಗಾರದೊಡನೆ ಸಮಾಲೋಚಿಸಿ ಪರಿಶೀಲಿಸಿ, ಶಾಶ್ವತ ಮೌಲ್ಯವುಳ್ಳವನ್ನು ಉಳಿಸಬೇಕು. ಹೀಗಾಗಿ ಮುಂದೆ ಬರಲಿರುವ ಕಡತಗಳು ಈಗಾಗಲೇ ಯಾವುದೋ ಸಚಿವಾಲಯದ ಕೊಠಡಿಯಲ್ಲಿವೆ. ಅವು ಎಷ್ಟು ಮೀಟರ್ ಕಪಾಟು ಬೇಡುತ್ತವೆ ಎಂಬುದನ್ನು ಆಯವ್ಯಯದ ಅಂದಾಜು ಸಿದ್ಧವಾಗುವ ಮೊದಲೇ ಬರಹದಲ್ಲಿ ತರಿಸಿಕೊಂಡರೆ, ಸ್ಥಳದ ಬೇಡಿಕೆಗೆ ಯಾವ ಹಣಕಾಸು ಅಧಿಕಾರಿಯೂ ಆಕ್ಷೇಪ ಎತ್ತಲಾರದಂಥ ಆಧಾರ ಸಿಗುತ್ತದೆ.

ಡಿಜಿಟಲೀಕರಣಕ್ಕೆ ಹಣ ಕೇಳುವುದು ಸುಲಭ. ಪತ್ರಾಗಾರದ ದಾಖಲೆಗಳನ್ನು ತೋರಿಸುವ 'ಅಭಿಲೇಖ ಪಟಲ' ಜಾಲತಾಣದಿಂದ ದೂರದ ಸಂಶೋಧಕರಿಗೆ ಆಗಿರುವ ಉಪಕಾರವೂ ದೊಡ್ಡದು. ಆದರೆ ಸ್ಕ್ಯಾನ್ ಒಮ್ಮೆ ಮಾಡಿದರೆ ಮುಗಿಯಿತು, ಸಂಗ್ರಹಣೆಯ ಯಂತ್ರಗಳನ್ನು ಮಾತ್ರ ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತಲೇ ಇರಬೇಕು. ಈ ವೆಚ್ಚವನ್ನು ಯೋಜನೆಯ ಹಣದಲ್ಲಿ ಅಡಗಿಸದೆ ಪ್ರತಿವರ್ಷದ ಖರ್ಚಾಗಿಯೇ ತೋರಿಸಬೇಕು.

ನನ್ನ ಮುಖ್ಯ ಕಳಕಳಿ ಕಾಗದದ ದುರಸ್ತಿಯ ಕುರಿತು. ಕಬ್ಬಿಣಾಂಶದ ಹಳೆಯ ಶಾಯಿ ಹಾಳೆಯನ್ನೇ ತಿಂದುಹಾಕುತ್ತದೆ. ಅಂಥ ಕಡತವನ್ನು ಬಿಚ್ಚಿ, ಹಾಳೆಗಳ ಎಣಿಕೆ ನೋಡಿ, ಶಾಯಿ ನೀರಿಗೆ ಕದಡುತ್ತದೆಯೇ ಎಂದು ಪರೀಕ್ಷಿಸಿ, ಆಮ್ಲ ತೆಗೆದು, ತೆಳುವಾದ ಟಿಶ್ಯೂ ಕಾಗದ ಅಂಟಿಸಿ, ಒತ್ತಿ ಒಣಗಿಸಿ, ಮತ್ತೆ ಹೊಲಿಯಬೇಕು. ಇದು ಕೈಕೆಲಸ. ಎಷ್ಟು ಹಣ ಸುರಿದರೂ ಅಂಟು ಬೇಗ ಒಣಗುವುದಿಲ್ಲ, ಪಳಗಿದ ಕೈಗಳು ಒಂದೇ ತಿಂಗಳಲ್ಲಿ ತಯಾರಾಗುವುದಿಲ್ಲ. ದುರಸ್ತಿಗಾರರ ಹುದ್ದೆಗಳನ್ನು ಖಾಲಿ ಬಿಟ್ಟು ಸಾಮಗ್ರಿಗೆ ಹಣ ಹೆಚ್ಚಿಸಿದ ಅಂದಾಜು, ಮೊತ್ತ ಎಷ್ಟೇ ದೊಡ್ಡದಿದ್ದರೂ, ಕಡತವನ್ನು ಉಳಿಸಲಾರದು.

ಇನ್ನು ಕಾಲದ ಮಾತು. ಕೇಂದ್ರದ ಹಣಕಾಸು ಸಚಿವಾಲಯ ಸಾಮಾನ್ಯವಾಗಿ ಕೊನೆಯ ತ್ರೈಮಾಸಿಕದ ವೆಚ್ಚಕ್ಕೆ ವರ್ಷದ ಅಂದಾಜಿನ ಶೇ. 33, ಮಾರ್ಚ್ ತಿಂಗಳಿಗೆ ಶೇ. 15ರ ಮಿತಿ ಹಾಕುತ್ತದೆ. ಅದಕ್ಕೆ ಮೊದಲಿನ ತಿಂಗಳುಗಳ ಖರ್ಚು ಕಡಿಮೆಯಿದ್ದರೆ, ವರ್ಷದ ನಡುವೆ ತಿದ್ದುವ ಪರಿಷ್ಕೃತ ಅಂದಾಜಿನಲ್ಲಿ ಹಣ ಕಡಿತವಾಗುವ ಸಂಭವವೂ ಹೆಚ್ಚು. ದೆಹಲಿಯ ತೇವವಾದರೋ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಾಗದವನ್ನು ಕಾಡುತ್ತದೆ. ಆಯವ್ಯಯ ಮಂಡನೆಯನ್ನು 2017ರಿಂದ ಮೊದಲಿಗಿಂತ ಬೇಗ, ಫೆಬ್ರವರಿ 1ಕ್ಕೆ ತಂದಿದ್ದರಿಂದ, ಏಪ್ರಿಲ್ ಆರಂಭದಲ್ಲೇ ಹಣ ಕೈಗೆ ಸಿಗುವ ಅವಕಾಶ ಹೆಚ್ಚಿದೆ. ತೇವ ಹೀರುವ ಯಂತ್ರಗಳು, ಹವಾನಿಯಂತ್ರಣದ ರಿಪೇರಿ, ಕೀಟನಿವಾರಣೆ, ಈ ಮೂರರ ಟೆಂಡರನ್ನೂ ಆ ವಾರಗಳಲ್ಲೇ ಕರೆದು, ಜೂನ್ ಮುಗಿಯುವುದರೊಳಗೆ ಕೆಲಸ ಮುಗಿಸಿ ಬಿಲ್ಲು ಪಾವತಿಸುವಂತೆ ವರ್ಷದ ಯೋಜನೆಯನ್ನು ಬರೆಯಬೇಕು.