ರೆಕ್ಕೆ ಮುಚ್ಚುವ ಮೊದಲು ಅನುಭವಿಯೊಬ್ಬರಿಗೆ ತೋರಿಸಿ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಸಾವಿರಾರು ಮಂದಿ. ಕೆಲಸವೆಲ್ಲ ಮುಗಿದ ಮೇಲೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಅಧಿಕಾರಿಯೋ ಅವರು ನೇಮಿಸಿದ ಪ್ರತಿನಿಧಿಯೋ ಬಂದು ಪರೀಕ್ಷಿಸಿ ಹಾರಾಟದ ಅರ್ಹತಾಪತ್ರ ಕೊಡುತ್ತಾರೆ. ಅಷ್ಟು ಹೊತ್ತಿಗೆ ರೆಕ್ಕೆಯ ತಗಡು ಮುಚ್ಚಿ ರಿವೆಟ್ (ತಗಡುಗಳನ್ನು ಜೋಡಿಸುವ ಲೋಹದ ಮೊಳೆ) ಬಡಿದಾಗಿರುತ್ತದೆ. ಒಳಗೇನಿದೆ ಎಂಬುದು ಅವರ ಕಣ್ಣಿಗೆ ಬೀಳುವುದು ಕಷ್ಟ. ಈ ಕೊರತೆ ತುಂಬಲೆಂದೇ, 1953ರಲ್ಲಿ ಪಾಲ್ ಪೊಬೆರೆಜ್ನಿ ವಿಸ್ಕಾನ್ಸಿನ್‌ನಲ್ಲಿ ಆರಂಭಿಸಿದ ಹವ್ಯಾಸಿ ವಿಮಾನ ನಿರ್ಮಾಪಕರ ಇಎಎ ಸಂಸ್ಥೆಯಲ್ಲಿ ತಾಂತ್ರಿಕ ಸಲಹೆಗಾರರಿದ್ದಾರೆ. ಸ್ವತಃ ಕಟ್ಟಿ ಪಳಗಿದವರು ಅಥವಾ ಮೆಕ್ಯಾನಿಕ್‌ಗಳು. ಹಣ ತೆಗೆದುಕೊಳ್ಳುವುದಿಲ್ಲ, ಅನುಮತಿಯನ್ನೂ ಕೊಡುವುದಿಲ್ಲ. ಹೊಣೆ ಕೊನೆಯವರೆಗೂ ಕಟ್ಟುವವರದೇ.

ಈ ಸಲಹೆಗಾರರನ್ನು ಕನಿಷ್ಠ ಮೂರು ಸಲ ಕರೆಯಿರಿ: ಬಾಲದ ಮೊದಲ ಭಾಗ ಸಿದ್ಧವಾದಾಗ, ರೆಕ್ಕೆ ಮತ್ತು ಇಂಧನ ಟ್ಯಾಂಕ್ ಮುಚ್ಚುವ ಮೊದಲು, ಎಂಜಿನ್ ಕೂರಿಸಿ ಮುಚ್ಚಳ ಹಾಕುವ ಮೊದಲು. ನನ್ನ ಲೆಕ್ಕದಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ತಪ್ಪು ಕೈಚಳಕ ರೂಢಿಯಾಗುವ ಮೊದಲೇ ತಿದ್ದಬಹುದು.

ಲೋಹದ ವಿಮಾನದಲ್ಲಿ ಅವರ ಕೈ ಮೊದಲು ಹೋಗುವುದು ರಿವೆಟ್‌ಗೆ. 1/8 ಇಂಚಿನ ರಿವೆಟ್ ಬಡಿದ ಮೇಲೆ ಹಿಂಬದಿಯ ತಲೆ ಸುಮಾರು 3/16 ಇಂಚು ಅಗಲ, 1/16 ಇಂಚು ಎತ್ತರ ಇರಬೇಕು. ರಂಧ್ರದ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ 1/4 ಇಂಚು ಬೇಕು. ಕಡಿಮೆಯಾದರೆ ಅಂಚು ಸೀಳುವ ಭಯ. ಒಂದು ಮಾತು ಒತ್ತಿ ಹೇಳುತ್ತೇನೆ: ತಲೆ ತುಸು ಓರೆಯಾಗಿದೆ ಎಂದು ಕೂಡಲೇ ಡ್ರಿಲ್ ಹಿಡಿಯಬೇಡಿ. ತೆಗೆಯುವಾಗ ರಂಧ್ರ ದೊಡ್ಡದಾದರೆ ಅಥವಾ ಅಂಡಾಕಾರವಾದರೆ ಹೊಸ ರಿವೆಟ್ ಹಳೆಯದಕ್ಕಿಂತ ಕೆಟ್ಟದಾಗಿ ಕೂರುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂಬ ತೀರ್ಮಾನಕ್ಕೇ ಅನುಭವಿಯ ಕಣ್ಣು ಬೇಕಾಗಿರುವುದು.

ಬೋಲ್ಟ್‌ಗಳಲ್ಲಿ ಅವರು ನೋಡುವುದು ಬಿಗಿತ. ಎಎನ್3 ಎಂಬ 3/16 ಇಂಚಿನ ವಿಮಾನದ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ಇಂಚ್-ಪೌಂಡ್ (ತಿರುಚುವ ಬಲದ ಅಳತೆ). ಲಾಕ್ ನಟ್ (ತಾನಾಗಿ ಸಡಿಲವಾಗದಂತೆ ಹಿಡಿದುಕೊಳ್ಳುವ ನಟ್) ಬರಿದೇ ತಿರುಗುವಾಗ ತಡೆಯುವ ಬಲವನ್ನು ಅಳೆದು ಇದಕ್ಕೆ ಸೇರಿಸಬೇಕು. ಮರೆತರೆ ಬೋಲ್ಟ್ ಸಡಿಲವೇ ಉಳಿಯುತ್ತದೆ. ಬಿಗಿದ ಕೂಡಲೇ, ಮುಂದೆ ಕದಲಿದರೆ ತಿಳಿಯುವಂತೆ, ನಟ್ ಮೇಲೆ ಬಣ್ಣದ ಗೆರೆ ಎಳೆಯಿರಿ. ಬೋಲ್ಟ್ ತಿರುಗುವ ಕೀಲಿನಲ್ಲಿ ಲಾಕ್ ನಟ್ ಸಾಲದು, ಕ್ಯಾಸಲ್ ನಟ್ (ಮೇಲಂಚಿನಲ್ಲಿ ಸೀಳುಗಳಿರುವ ನಟ್) ಮತ್ತು ಆ ಸೀಳಿನಲ್ಲಿ ತೂರಿಸಿ ಮಡಿಸುವ ಕಾಟರ್ ಪಿನ್ ಬೇಕು.

ಇಂಧನದ ಕೊಳವೆಯಲ್ಲಿ ಕಾಣದ ಅಪಾಯವೊಂದಿದೆ. ವಿಮಾನದ ಫಿಟ್ಟಿಂಗ್‌ಗಳಿಗೆ ಕೊಳವೆಯ ಬಾಯಿ 37 ಡಿಗ್ರಿ ಅರಳಬೇಕು. ಕಾರಿನ ಕೆಲಸದ ಫ್ಲೇರಿಂಗ್ ಉಪಕರಣ 45 ಡಿಗ್ರಿ ಅರಳಿಸುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ; ಆದರೆ 45 ಡಿಗ್ರಿಯದು ಸರಿಯಾಗಿ ಕೂರದೆ ಸೋರುತ್ತದೆ, ಬಿರುಕೂ ಬಿಡಬಹುದು.

ಸಲಹೆಗಾರರು ನಿಯಂತ್ರಣ ಕೋಲನ್ನು ಕೊನೆಯವರೆಗೂ ಎಳೆದು ನೋಡುತ್ತಾರೆ, ಆಸನದಲ್ಲಿ ಕುಳಿತೇ. ಎಡಕ್ಕೆ ವಾಲಿಸಿದರೆ ಎಡ ಐಲರಾನ್ (ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ) ಮೇಲೇಳಬೇಕು. ತಂತಿಗಳು ತಗಡನ್ನು ದಾಟುವಲ್ಲಿ, ಅಂಚಿಗೆ ಉಜ್ಜದಂತೆ, ರಬ್ಬರ್ ಗ್ರೊಮೆಟ್ (ರಂಧ್ರಕ್ಕೆ ಕೂರಿಸುವ ಬಳೆ) ಇರಬೇಕು.

ಅವರು ಬರುವ ದಿನ ಮುಚ್ಚಳಗಳೆಲ್ಲ ತೆರೆದಿರಲಿ. ಒಳ್ಳೆಯ ಟಾರ್ಚ್, ಸಣ್ಣ ಕನ್ನಡಿ, ನಕ್ಷೆ, ಫೋಟೊ, ನಿಮ್ಮ ಅನುಮಾನಗಳ ಪಟ್ಟಿ ಸಿದ್ಧವಿರಲಿ. ಹೇಳಿದ್ದನ್ನು ದಿನಾಂಕ ಹಾಕಿ ನಿರ್ಮಾಣದ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಸಲಹೆಗಾರರ ಮಾತಿಗೂ ನಕ್ಷೆಗೂ ತಾಳೆಯಾಗದಿದ್ದರೆ ನಿಮ್ಮ ವಿಮಾನದ ಕಿಟ್ (ಬಿಡಿಭಾಗಗಳ ಸೆಟ್) ವಿನ್ಯಾಸಕಾರರಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಆ ಭಾಗವನ್ನು ಮುಚ್ಚಬೇಡಿ.