ರಿಪೋರ್ಟ್ ನಾರ್ಮಲ್ ಬಂದರೂ ಡಿಪ್ರೆಶನ್ ಇರಬಹುದಾ?

[ಪರದೆ ಮೇಲೆ: ರಕ್ತ ಪರೀಕ್ಷೆಯ ರಿಪೋರ್ಟ್]

ನಮಸ್ಕಾರ. ರಿಪೋರ್ಟ್‌ನಲ್ಲಿ ಎಲ್ಲಾ ನಾರ್ಮಲ್. ಆದರೆ ಹಾಸಿಗೆ ಬಿಟ್ಟು ಏಳುವುದಕ್ಕೇ ಮನಸ್ಸಿಲ್ಲ. ಹಾಗಾದರೆ ಕಾಯಿಲೆ ಇದೆಯಾ, ಇಲ್ಲವಾ?

ಇರಬಹುದು. ಯಾಕೆಂದರೆ ಡಿಪ್ರೆಶನ್ ಇದೆ ಅಂತ ಖಚಿತವಾಗಿ ತೋರಿಸುವ ರಕ್ತ ಪರೀಕ್ಷೆ ಇವತ್ತಿಗೂ ಬಂದಿಲ್ಲ. ಸ್ಕ್ಯಾನ್ ಕೂಡ ಇಲ್ಲ. ಡಾಕ್ಟರ್ ರಕ್ತ ಪರೀಕ್ಷೆಗೆ ಬರೆದುಕೊಡುವುದು ದೇಹದ ಬೇರೆ ಯಾವುದಾದರೂ ತೊಂದರೆ ಇದಕ್ಕೆ ಕಾರಣವಾ ಅಂತ ನೋಡಲು.

[ಪರದೆ ಮೇಲೆ: ಥೈರಾಯ್ಡ್ ಗ್ರಂಥಿಯ ಚಿತ್ರ]

ಮೊದಲ ಅನುಮಾನ ಥೈರಾಯ್ಡ್ ಮೇಲೆ. ಅದರ ಹಾರ್ಮೋನ್ ಕಡಿಮೆಯಾದರೆ ಸುಸ್ತು, ಮಂಕು, ತೂಕ ಏರಿಕೆ, ಚಳಿ ತಡೆಯಲಾಗದಿರುವುದು. ಟಿಎಸ್‌ಎಚ್ ಪರೀಕ್ಷೆಯಲ್ಲಿ ಇದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಬಿ12 ಕೊರತೆಯಲ್ಲಿ ಬೇಸರದ ಜೊತೆ ಮರೆವು, ಕೈಕಾಲು ಜೋಮು ಬರಬಹುದು. ರಕ್ತಹೀನತೆಯನ್ನೂ ನೋಡುತ್ತಾರೆ. ಜೋರು ಗೊರಕೆ ಇದ್ದರೆ ಹೇಳಿ, ನಾಚಿಕೆ ಬೇಡ. ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುವ ಸ್ಲೀಪ್ ಅಪ್ನಿಯಾ ಕೂಡ ಹಗಲೆಲ್ಲಾ ಮನಸ್ಸನ್ನು ಕುಗ್ಗಿಸುತ್ತದೆ. ಸ್ಟೀರಾಯ್ಡ್, ಇಂಟರ್‌ಫೆರಾನ್‌ನಂಥ ಔಷಧಿಗಳಿಂದಲೂ ಹೀಗಾಗುವುದುಂಟು. ಆದ್ದರಿಂದ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ.

ಇದ್ಯಾವುದೂ ಸಿಗಲಿಲ್ಲ ಅಂದ್ಕೊಳ್ಳಿ. ಕಾರಣವೇ ಗೊತ್ತಿಲ್ಲದೆ ಚಿಕಿತ್ಸೆ ಹೇಗೆ?

1950ರ ದಶಕದಲ್ಲಿ ಕ್ಷಯ ರೋಗಿಗಳಿಗೆ ಇಪ್ರೊನಿಯಾಜಿಡ್ ಅನ್ನುವ ಔಷಧಿ ಕೊಟ್ಟಾಗ ಕೆಲವರ ಮನಸ್ಸು ಗೆಲುವಾಯಿತು. ಡಿಪ್ರೆಶನ್ ಮಾತ್ರೆಗಳ ಕಥೆ ಶುರುವಾಗಿದ್ದೇ ಹೀಗೆ. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಡಿಮೆಯಾದರೆ ಡಿಪ್ರೆಶನ್ ಬರುತ್ತದೆ ಅನ್ನುವ ವಿವರಣೆ ಬಂದಿದ್ದು ಆಮೇಲೆ. ಆ ವಿವರಣೆಗೆ ಇನ್ನೂ ಗಟ್ಟಿ ಪುರಾವೆ ಇಲ್ಲ. ಆದರೂ ಪ್ರಯೋಗಗಳಲ್ಲಿ ಈ ಮಾತ್ರೆಗಳು ಔಷಧಿ ಇಲ್ಲದ ಖಾಲಿ ಮಾತ್ರೆಗಿಂತ ಸರಾಸರಿ ಸ್ವಲ್ಪ ಜಾಸ್ತಿ ಕೆಲಸ ಮಾಡಿವೆ. ಮಾತಿನ ಚಿಕಿತ್ಸೆಯೂ ಅಷ್ಟೇ, ರಿಪೋರ್ಟ್ ಕೇಳುವುದಿಲ್ಲ.

ಹಾಗಂತ ಸಿಕ್ಕಿದ್ದೆಲ್ಲ ನುಂಗುವುದಾ? ಅಪಾಯ ಹೆಚ್ಚಿದ್ದಷ್ಟೂ ಪುರಾವೆ ಜಾಸ್ತಿ ಕೇಳಬೇಕು, ಅಲ್ವಾ? ಬಿ12 ಕಡಿಮೆ ಇದ್ದರೆ ತುಂಬಿಸಿಕೊಳ್ಳುವುದರಲ್ಲಿ ಅಪಾಯ ಕಡಿಮೆ. ಥೈರಾಯ್ಡ್ ಸರಿಯಿದ್ದೂ ಅದರ ಮಾತ್ರೆ ನುಂಗಿದರೆ ಎದೆಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು. ಇನ್ನು ವಿಟಮಿನ್ ಡಿ. ಅಮೆರಿಕದಲ್ಲಿ 50 ದಾಟಿದ 18,000ಕ್ಕೂ ಹೆಚ್ಚು ಜನರ ಮೇಲೆ ಸುಮಾರು 5 ವರ್ಷ ಪ್ರಯೋಗ ನಡೆಯಿತು. ಅದನ್ನು ತೆಗೆದುಕೊಂಡವರಲ್ಲಿ ಡಿಪ್ರೆಶನ್ ಕಡಿಮೆಯಾಗಲಿಲ್ಲ. ಜಾಹೀರಾತಿನವರು ಇದನ್ನು ಹೇಳುವುದಿಲ್ಲ ಬಿಡಿ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಯಾವ ರಿಪೋರ್ಟಿಗೂ ಕಾಯಬೇಡಿ. ಇವತ್ತೇ, ಈಗಲೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಉಳಿದವರು ಚಿಕಿತ್ಸೆ ಶುರುವಾಗುವ ದಿನವೇ ಡಾಕ್ಟರನ್ನು ಕೇಳಿ: ಎಷ್ಟು ವಾರದಲ್ಲಿ ವ್ಯತ್ಯಾಸ ಕಾಣಬೇಕು? ಕಾಣದಿದ್ದರೆ ಮುಂದೇನು?